ಮನೆ ಹತ್ತಿರದ ಕ್ಯಾಮೆರಾ ತಿರುಗಾಟ: ಮುಂಬೈನಲ್ಲಿ ಲೆನ್ಸ್‌ಗಿಂತ ಮೊದಲು ತಿಥಿ ನೋಡಿ

ಇವತ್ತಿನ ಮಾತು ಫೋಟೋಗ್ರಫಿ ಬಗ್ಗೆ. ಆದರೆ ಕ್ಯಾಮೆರಾ ಬಗ್ಗೆ ಕಡಿಮೆ, ಗಡಿಯಾರ ಮತ್ತು ಕ್ಯಾಲೆಂಡರ್ ಬಗ್ಗೆ ಜಾಸ್ತಿ.

ಪವಾಯಿ, ಐರೋಲಿ, ಮಲಾಡ್, ಮಹಾಪೆ ಕಡೆ ಕೆಲಸ ಮಾಡೋ ನಮ್ಮವರು ಕೇಳೋ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಊರಲ್ಲಿದ್ದಾಗ ರಂಗನತಿಟ್ಟಿಗೋ ಕಬಿನಿಗೋ ಹೋಗಿ ಬರ್ತಿದ್ವಿ. ಇಲ್ಲಿ ನೋಡಿದ್ರೆ ಬರೀ ಬಿಲ್ಡಿಂಗು. ಕ್ಯಾಮೆರಾ ಕಪಾಟಿನಲ್ಲೇ ಇದೆ. ಎಲ್ಲಿಗೆ ಹೋಗೋದು?" ಅದರ ಹಿಂದೆಯೇ ಎರಡನೇ ಪ್ರಶ್ನೆ: "ಯಾವ ಲೆನ್ಸ್ ತಗೊಳ್ಳಲಿ?" ನನ್ನ ಉತ್ತರ: ಎಲ್ಲಿಗೆ ಅನ್ನೋದು ಅಂಥ ಕಷ್ಟದ ಪ್ರಶ್ನೆ ಅಲ್ಲ, ಲೋಕಲ್ ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗೋ ಜಾಗಗಳೇ ಸಾಕಷ್ಟಿವೆ. ಯಾವಾಗ ಅನ್ನೋದೇ ನಿಜವಾದ ಪ್ರಶ್ನೆ. ಸಾವಿರಾರು ರಾಜಹಂಸಗಳಿರೋ ಜಾಗಕ್ಕೆ ತಪ್ಪು ಹೊತ್ತಿಗೆ ಹೋದರೆ, ಲಕ್ಷ ರೂಪಾಯಿಯ ಲೆನ್ಸ್ ಇದ್ದರೂ ಸಿಗೋದು ದೂರದಲ್ಲೊಂದು ಗುಲಾಬಿ ಗೆರೆ ಮಾತ್ರ.

ಯಾಕೆ ಅಂದ್ರೆ ಮುಂಬೈನ ಪ್ರಕೃತಿ ಎರಡು ಗಡಿಯಾರಗಳ ಮೇಲೆ ನಡೆಯುತ್ತೆ. ಒಂದು ಮಳೆಯದ್ದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಸಮುದ್ರದ್ದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಬಂದವರಿಗೆ ಇದರ ಅಭ್ಯಾಸ ಇರೋಲ್ಲ. ಮಂಗಳೂರು, ಉಡುಪಿಯವರಿಗೆ ಉಬ್ಬರ ಇಳಿತ ಗೊತ್ತು, ಆದರೆ ಅವರಿಗೂ ಮುಂಬೈ ಸ್ವಲ್ಪ ಬೇರೆಯೇ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಮುಂಬೈ ಎದುರಿನ ಕಡಲ ತಳ ಬಹುದೂರದವರೆಗೂ ಹೆಚ್ಚು ಆಳವಿಲ್ಲದೆ ಹರಡಿರೋದರಿಂದ ಇಲ್ಲಿ ನೀರು ತುಂಬಾ ಮೇಲೇರುತ್ತೆ. ದೊಡ್ಡ ಉಬ್ಬರದ ದಿನ ಮಟ್ಟ ನಾಲ್ಕೂವರೆ ಮೀಟರ್ ದಾಟುತ್ತೆ. ಅದೇ ನೀರು ಆರು ಗಂಟೆಯಲ್ಲಿ ಇಳಿದುಹೋಗಿ, ಬೆಳಿಗ್ಗೆ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಸಂಜೆ ಬಂಡೆಗಳ ಮೇಲೆ ನಡೆಯಬಹುದು.

ಈಗ ತಿಥಿ ವಿಷಯ. ಅಡುಗೆಮನೆ ಗೋಡೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ಇದ್ದರೆ ಅದನ್ನೊಮ್ಮೆ ನೋಡಿ. ಏಕಾದಶಿ ಉಪವಾಸಕ್ಕೆ ಮಾತ್ರ ಇರೋದಲ್ಲ ಅದು. ಉಬ್ಬರ ಇಳಿತ ಚಂದ್ರನ ಲೆಕ್ಕದಲ್ಲಿ ನಡೆಯೋದರಿಂದ ತಿಥಿಗೂ ಸಮುದ್ರದ ಹೊತ್ತಿಗೂ ನೇರ ಸಂಬಂಧ ಇದೆ. ಮುಂಬೈನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ನೀರು ತುಂಬೋದು ಸುಮಾರು ಮಧ್ಯಾಹ್ನ ಹನ್ನೆರಡಕ್ಕೆ, ಮತ್ತೆ ಮಧ್ಯರಾತ್ರಿಗೆ. ಪೂರ್ತಿ ಇಳಿಯೋದು ಬೆಳಿಗ್ಗೆ ಆರು, ಸಂಜೆ ಆರರ ಸುಮಾರಿಗೆ. ಮಳೆಗಾಲದಲ್ಲಿ ಟಿವಿಯವರು "ಮಧ್ಯಾಹ್ನ ಹೈ ಟೈಡ್, ಎಚ್ಚರ" ಅಂತ ಕೂಗೋದು ಬಹುಪಾಲು ಈ ತಿಥಿಗಳ ಹಿಂದೆ ಮುಂದೆಯೇ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಅಷ್ಟಮಿ ಹೊತ್ತಿಗೆ ಪೂರ್ತಿ ಉಲ್ಟಾ: ತುಂಬೋದು ಬೆಳಿಗ್ಗೆ ಸಂಜೆ, ಇಳಿಯೋದು ಮಧ್ಯಾಹ್ನ, ಏರಿಳಿತವೂ ಕಡಿಮೆ. ಮರಾಠಿಯಲ್ಲಿ ನೀರು ಏರೋದಕ್ಕೆ ಭರತಿ, ಇಳಿಯೋದಕ್ಕೆ ಓಹೋಟಿ ಅಂತಾರೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಏರಿಳಿತ 'ಉಧಾಣ', ಅಷ್ಟಮಿಯ ಸಣ್ಣದು 'ಭಾಂಗ್'. ಈ ನಾಲ್ಕು ಪದ ಗೊತ್ತಿದ್ದರೆ ಕೋಳಿವಾಡದ ಮೀನುಗಾರರ ಹತ್ತಿರ ಮಾತು ಸಲೀಸು. ತಿಥಿ ಅಂದಾಜಿಗೆ, ಹೊರಡೋ ಮುಂಚೆ ಟೈಡ್ ಟೇಬಲ್ ನೋಡಿ ಖಚಿತ ಮಾಡ್ಕೊಳ್ಳಿ.

ಇದನ್ನು ರಾಜಹಂಸಗಳಿಗೆ ಹೇಗೆ ಬಳಸೋದು? ಚಳಿಗಾಲದ ಹೊತ್ತಿಗೆ, ಸುಮಾರು ನವೆಂಬರ್‌ನಿಂದ, ಅವು ಥಾಣೆ ಖಾಡಿಗೆ ಬರೋಕೆ ಶುರು. ಮಳೆ ಹಿಡಿಯೋ ತನಕ ಇರುತ್ತವೆ. ಎರಡು ಜಾತಿ. ಎತ್ತರಕ್ಕೆ, ಬೆಳ್ಳಗೆ, ಗುಲಾಬಿ ಕೊಕ್ಕಿನ ತುದಿ ಮಾತ್ರ ಕಪ್ಪಗಿದ್ದರೆ ದೊಡ್ಡ ರಾಜಹಂಸ. ಗಿಡ್ಡಕ್ಕೆ, ಹೆಚ್ಚು ಗುಲಾಬಿಯಾಗಿ, ಕೊಕ್ಕು ಪೂರ್ತಿ ಗಾಢ ಬಣ್ಣದಲ್ಲಿದ್ದರೆ ಸಣ್ಣ ರಾಜಹಂಸ. ಬೂದು ಬಣ್ಣದವು ಮರಿಗಳು. ಗುಲಾಬಿ ಹುಟ್ಟಿನಿಂದ ಬರೋದಲ್ಲ, ತಿನ್ನೋ ಪಾಚಿಯಿಂದ ಬರೋದು. ತಲೆ ಕೆಳಗಾಗಿಸಿ, ಕೊಕ್ಕನ್ನೇ ಜರಡಿ ಮಾಡಿಕೊಂಡು ಕೆಸರು ನೀರನ್ನು ಸೋಸಿ ಆ ಪಾಚಿ ತಿನ್ನುತ್ತವೆ. ಅಂದ್ರೆ ಅವಕ್ಕೆ ಬೇಕಾಗಿರೋದು ತೆರೆದ ಕೆಸರು ಬಯಲು, ಮೇಲೊಂದಿಷ್ಟು ನೀರು.

ನೀರು ಪೂರ್ತಿ ಇಳಿದಾಗ ಕೆಸರು ಬಯಲು ಬಹುದೂರ ತೆರೆದುಕೊಳ್ಳುತ್ತೆ, ಹಕ್ಕಿಗಳು ಎಲ್ಲೆಲ್ಲೋ ಚದುರಿಹೋಗುತ್ತವೆ. ನೀರು ಏರತೊಡಗಿದ ಹಾಗೆ ಅವನ್ನು ದಡದ ಕಡೆ ತಳ್ಳಿಕೊಂಡು ಬರುತ್ತೆ. ಉಬ್ಬರ ತುಂಬೋಕೆ ಎರಡು ಗಂಟೆ ಮುಂಚಿನ ಹೊತ್ತು, ಅದೇ ನಿಮಗೆ ಬೇಕಾದ್ದು. ನೀವು ಹಕ್ಕಿಯ ಹತ್ತಿರ ಹೋಗಬೇಕಿಲ್ಲ, ಸಮುದ್ರವೇ ಹಕ್ಕಿಯನ್ನು ನಿಮ್ಮ ಹತ್ತಿರ ತರುತ್ತೆ. ಚಳಿಗಾಲದಲ್ಲಿ ಮುಂಬೈನ ಗಾಳಿ ತುಂಬಾ ಮಬ್ಬು, ಹೊಗೆ. ದೂರದ ಹಕ್ಕಿಯನ್ನು 600 ಎಂಎಂ ಲೆನ್ಸ್‌ನಲ್ಲಿ ಎಳೆದು ತಂದರೂ ಮಧ್ಯದ ಹೊಗೆಯೂ ಅದರ ಜೊತೆಗೇ ಬರುತ್ತೆ. ಲೆನ್ಸ್‌ಗಿಂತ ಉಬ್ಬರ ಹೆಚ್ಚು ಕೆಲಸಕ್ಕೆ ಬರುತ್ತೆ ಅಂತ ನಾನು ಹೇಳೋದು ಇದಕ್ಕೇ.

ಬೆಳಕನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಾರ್ಬರ್ ಲೈನಿನ ಸೆವ್ರಿ ನಗರದ ಪೂರ್ವ ದಡ. ಅಲ್ಲಿ ನಿಂತರೆ ಮುಖ ಪೂರ್ವಕ್ಕೆ, ಬೆಳಿಗ್ಗೆ ಸೂರ್ಯ ನೇರ ಕಣ್ಣಿಗೆ ಹೊಡೀತಾನೆ. ಹಕ್ಕಿಗಳೆಲ್ಲ ಕಪ್ಪು ನೆರಳು. ಸೆವ್ರಿಗೆ ಮಧ್ಯಾಹ್ನದ ಮೇಲೆ ಹೋಗಿ, ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಬರೋ ಪಂಚಮಿ, ಷಷ್ಠಿ ಹೊತ್ತಿಗೆ. ಆಗ ನೀರು ತುಂಬೋದು ಹೆಚ್ಚು ಕಡಿಮೆ ಮೂರೂವರೆ, ನಾಲ್ಕೂವರೆಗೆ, ಬಿಸಿಲು ನಿಮ್ಮ ಬೆನ್ನ ಹಿಂದೆ. ಐರೋಲಿ, ನೆರೂಳ್, ಸೀವುಡ್ಸ್ ಖಾಡಿಯ ಇನ್ನೊಂದು ದಡ, ಅಲ್ಲಿ ಮುಖ ಪಶ್ಚಿಮಕ್ಕೆ. ಅಲ್ಲಿಗೆ ಬೆಳಿಗ್ಗೆ ಒಳ್ಳೇದು. ಏಕಾದಶಿ, ದ್ವಾದಶಿ ದಿನ ಉಬ್ಬರ ಒಂಬತ್ತು, ಹತ್ತರ ಆಸುಪಾಸಿಗೆ ಬರುತ್ತೆ. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ ಇದೆ, ಅಲ್ಲಿಂದ ದೋಣಿಗಳು ಹೊರಡೋದೂ ಉಬ್ಬರದ ಹೊತ್ತು ನೋಡಿಯೇ. ಮೈಂಡ್‌ಸ್ಪೇಸ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಪಕ್ಕದ ಈ ಕೇಂದ್ರವನ್ನು ನೋಡದವರು ನನಗೆ ಎಷ್ಟೋ ಜನ ಗೊತ್ತು!

ನೀರು ಪೂರ್ತಿ ತುಂಬಿದಾಗ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ? ಈ ಪ್ರಶ್ನೆಯನ್ನು ಫೋಟೋ ತೆಗೆಯೋರು ಕೇಳಲೇಬೇಕು. ಕೆಸರು ಬಯಲು ಮುಳುಗಿದ ಮೇಲೆ ಅವಕ್ಕೆ ನಿಲ್ಲೋಕೆ ಜಾಗ ಬೇಕು. ಎದ್ದು ಹಾರಿ ಭಾಂಡುಪ್‌ನ ಕೆರೆಗಳು, ನೆರೂಳ್‌ನ ಡಿಪಿಎಸ್ ಕೆರೆ, ಸೀವುಡ್ಸ್ ಕಡೆಯ ತೇವದ ಬಯಲುಗಳಿಗೆ ಬಂದು ನಿಲ್ಲುತ್ತವೆ. ನೀರು ಇಳಿದ ಮೇಲೆ ವಾಪಸ್. ಅಂದ್ರೆ ಈ ಹಕ್ಕಿಗೆ ಊಟದ ಮನೆ ಒಂದು, ವಿಶ್ರಾಂತಿಯ ಮನೆ ಇನ್ನೊಂದು. ಊಟದ ಮನೆಗೆ ಹೆಸರಿದೆ: ಥಾಣೆ ಖಾಡಿಯ ಸುಮಾರು 17 ಚದರ ಕಿಲೋಮೀಟರ್ 2015ರಲ್ಲಿ ಅಭಯಾರಣ್ಯ ಆಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ವಿಶ್ರಾಂತಿಯ ಮನೆಗಳು ಬಹುಪಾಲು ಆ ಗೆರೆಯ ಹೊರಗೆ, ಅಪಾರ್ಟ್‌ಮೆಂಟುಗಳ ಮಗ್ಗುಲಲ್ಲಿ. ಅಂಥ ಕೆರೆಗೆ ಸಮುದ್ರದ ನೀರು ಬರೋ ದಾರಿ ಮುಚ್ಚಿದರೆ ಸಾಕು, ಕೆರೆ ಒಣಗುತ್ತೆ. 2024ರ ಬೇಸಿಗೆ ನವಿ ಮುಂಬೈನವರಿಗೆ ನೆನಪಿರಬೇಕು. ಸತ್ತ, ಗಾಯಗೊಂಡ ರಾಜಹಂಸಗಳ ಸುದ್ದಿ ಮತ್ತೆ ಮತ್ತೆ ಬಂತು. ಅದೇ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ 30ಕ್ಕೂ ಹೆಚ್ಚು ರಾಜಹಂಸಗಳು ಸತ್ತವು. ಅದಕ್ಕೆ ಕಾರಣ ಏನು ಅನ್ನೋ ವಾದಕ್ಕೆ ನಾನು ಹೋಗೋಲ್ಲ. ಆದರೆ ಯಾವ ಕೆರೆಯಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹಕ್ಕಿ ನಿಂತಿದ್ದವು ಅನ್ನೋ ದಾಖಲೆ ಇಲ್ಲದಿದ್ದರೆ ಆ ವಾದ ಮಾಡೋಕೇ ಬರೋಲ್ಲ. ಅದನ್ನು ಕೊಡಬಲ್ಲವರು ಬಾಲ್ಕನಿಯಿಂದಲೇ ಕೆರೆ ಕಾಣೋ ನೀವು.

ಇಳಿತದ ಹೊತ್ತು ಬೇಡ ಅಂತಲ್ಲ. ಅದಕ್ಕೆ ಬೇರೆ ಜಾಗ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನ, ಅದರ ಮಾರನೇ ದಿನ ಬೆಳಿಗ್ಗೆ ಆರೂವರೆ, ಏಳೂವರೆಗೆ ಜುಹೂ, ಕಾರ್ಟರ್ ರೋಡ್, ಹಾಜಿ ಅಲಿ ಕಡೆ ಬಂಡೆಗಳು ಮೇಲೆದ್ದಿರುತ್ತವೆ. ಬಂಡೆಗಳ ನಡುವಿನ ನೀರಿನ ಹೊಂಡಗಳಲ್ಲಿ ಸನ್ಯಾಸಿ ಏಡಿ, ಹೂವಿನಂತೆ ಅರಳೋ ಸೀ ಅನಿಮೊನಿ, ಚಿಪ್ಪಿಲ್ಲದ ಬಣ್ಣಬಣ್ಣದ ಕಡಲ ಬಸವನಹುಳು, ಅದೃಷ್ಟ ಇದ್ದರೆ ಪುಟ್ಟ ಆಕ್ಟೋಪಸ್. ಮುಂಬೈನಲ್ಲಿ ಹವಳ ಇದೆ ಅಂದ್ರೆ ಊರಿನವರು ನಗ್ತಾರೆ. ಇದೆ. ಕೋಸ್ಟಲ್ ರೋಡ್ ಕಟ್ಟುವಾಗ ವರ್ಲಿ, ಹಾಜಿ ಅಲಿ ಬಳಿಯ ಹವಳಗಳನ್ನು ಎತ್ತಿ ಬೇರೆಡೆಗೆ ಸ್ಥಳಾಂತರಿಸಬೇಕಾಯ್ತು, ಯಾಕಂದ್ರೆ ಅವು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. 'ಮರೀನ್ ಲೈಫ್ ಆಫ್ ಮುಂಬೈ' ಅನ್ನೋ ಗುಂಪಿನವರು 2017ರಿಂದ ಜನಸಾಮಾನ್ಯರನ್ನು ಕರೆದುಕೊಂಡು ಈ ದಡಗಳಲ್ಲಿ ನಡೆದು, ಕಂಡದ್ದನ್ನೆಲ್ಲ ಫೋಟೋ ಮಾಡಿ ದಾಖಲಿಸುತ್ತಾ ಬಂದಿದ್ದಾರೆ. ಮೊದಲ ಸಲ ಹೋಗೋರು ಅಂಥವರ ಜೊತೆಗೇ ಹೋಗಿ. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಅನ್ನೋದು ಓದಿ ಕಲಿಯೋ ವಿಷಯ ಅಲ್ಲ.

ಇದಕ್ಕೆ ಮೊಬೈಲ್ ಕ್ಯಾಮೆರಾ ಸಾಕು. ನೀರಿನ ಹೊಳಪು ತೊಂದರೆ ಕೊಟ್ಟರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸ್ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ, ಒಂದು ಕೋನದಲ್ಲಿ ಹೊಳಪು ಹೋಗಿ ತಳ ಕಾಣುತ್ತೆ. ಹಿಡಿತ ಇರೋ ಚಪ್ಪಲಿ ಅಥವಾ ಶೂ ಬೇಕು. ಬರಿಗೈಯಲ್ಲಿ ಏನನ್ನೂ ಎತ್ತಬೇಡಿ, ಎತ್ತಿಸಿಯೂ ಫೋಟೋ ತೆಗೆಯಬೇಡಿ. ಉರುಳಿಸಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ, ಅದರ ಕೆಳಗೆ ಒಂದು ಸಂಸಾರ ಇರುತ್ತೆ. ನೀರು ತಿರುಗೋ ಹೊತ್ತನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಂಡು, ಅದಕ್ಕೆ ಮುಂಚೆ ದಡ ಸೇರಿ. ಮಳೆಗಾಲದಲ್ಲಿ ಈ ಕಡೆ ಹೋಗಲೇಬೇಡಿ. ಅಲೆ ಒಂದೇ ಕಾರಣ ಅಲ್ಲ, ಆಗಸ್ಟ್ ಸುಮಾರಿಗೆ ಜುಹೂ ಮರಳಿನಲ್ಲಿ ನೀಲಿ ಬಲೂನಿನಂಥ 'ಬ್ಲೂ ಬಾಟಲ್'ಗಳು ಬಂದು ಬೀಳುತ್ತವೆ. ಸತ್ತ ಹಾಗೆ ಕಂಡರೂ ಕುಟುಕುತ್ತವೆ.

ಹಾಗಾದ್ರೆ ಮಳೆಗಾಲದಲ್ಲಿ? ಆಗ ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡದ ಕಡೆ ತಿರುಗಬೇಕು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಬೊರಿವಲಿ ಸ್ಟೇಷನ್ನಿಂದ ನಡೆದೇ ಹೋಗಬಹುದಾದ ಬಾಗಿಲು, ಒಳಗೆ 100 ಚದರ ಕಿಲೋಮೀಟರಿಗೂ ಮೀರಿದ ಕಾಡು. ಅದಕ್ಕೆ ಅಂಟಿಕೊಂಡೇ ಆರೆ ಕಾಲನಿ. ಮೊದಲ ಎರಡು ಮಳೆ ಬಿದ್ದ ಮೇಲೆ ಇಲ್ಲಿ ಎಲ್ಲವೂ ಸಣ್ಣದು, ಎಲ್ಲವೂ ಹತ್ತಿರದ್ದು: ಎಲೆ ಮೇಲಿನ ಕಪ್ಪೆ, ಅಣಬೆ, ಜೇಡ, ಬಸವನಹುಳು. ದೊಡ್ಡ ಲೆನ್ಸ್ ಮನೆಯಲ್ಲೇ ಬಿಡಿ.

'ಸಣ್ಣ ಪುಟ್ಟ ಹುಳ' ಅಂತ ಮೂಗು ಮುರಿಯೋರಿಗೆ ಎರಡು ಉದಾಹರಣೆ ಕೊಡ್ತೀನಿ. ಆರೆಯ ಹೆಸರನ್ನೇ ಹೊತ್ತ ಒಂದು ಚೇಳಿದೆ, ಲೈಕಾಸ್ ಆರೆಯೆನ್ಸಿಸ್. ವಿಜ್ಞಾನಕ್ಕೆ ಅದು ಗೊತ್ತಾಗಿದ್ದೇ ಈ ಹಾಲಿನ ಕಾಲನಿಯಿಂದ. 2021ರಲ್ಲಿ ಥಾಣೆ ಕಡೆ ಸಿಕ್ಕ ಒಂದು ಜಿಗಿಯೋ ಜೇಡಕ್ಕೆ ಐಸಿಯಸ್ ತುಕಾರಾಮಿ ಅಂತ ಹೆಸರಿಟ್ಟರು. 26/11ರ ರಾತ್ರಿ ಕಸಬ್‌ನನ್ನು ಹಿಡಿಯುವಾಗ ಪ್ರಾಣ ಕೊಟ್ಟ ಪೊಲೀಸ್ ತುಕಾರಾಮ್ ಓಂಬ್ಳೆ ಅವರ ನೆನಪಿಗೆ. ಇವೆರಡೂ ದೂರದ ದಟ್ಟ ಕಾಡಿನವಲ್ಲ, ನಾವು ಬಾಡಿಗೆ ಕಟ್ಟೋ ಪಿನ್‌ಕೋಡ್‌ಗಳವು. ಆರೆಯಲ್ಲಿ 2019ರ ಅಕ್ಟೋಬರ್‌ನಲ್ಲಿ ಮೆಟ್ರೋ ಕಾರ್ ಶೆಡ್‌ಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದಾಗ "ಅದೇನು ಕಾಡಾ?" ಅನ್ನೋ ಪ್ರಶ್ನೆ ಎದ್ದಿತ್ತು. ಅಲ್ಲಿ ಏನೇನು ಬದುಕಿದೆ ಅಂತ ತೋರಿಸೋಕೆ ಇಂಥ ಹವ್ಯಾಸಿಗಳ ಪಟ್ಟಿ, ಫೋಟೋಗಳೂ ಬೇಕಾದವು. ಮುಂದಿನ ವರ್ಷ ಸರ್ಕಾರ ಆರೆಯ 800 ಎಕರೆಗೂ ಹೆಚ್ಚು ಜಾಗವನ್ನು ಮೀಸಲು ಅರಣ್ಯ ಮಾಡೋದಾಗಿ ಘೋಷಿಸಿತು.

ಆರೆ ಅಂದ ಕೂಡಲೇ ಚಿರತೆ. ಇದೆ, ನಿಜವಾಗ್ಲೂ ಇದೆ. 2016ರಲ್ಲಿ 'ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಯ ನಗರ ವಿಭಾಗದಲ್ಲಿ ಗೆದ್ದ ಚಿತ್ರ ಆರೆಯದ್ದೇ: ವಾರ್ಲಿ ಮನೆಗಳ ನಡುವಿನ ಓಣಿಯಲ್ಲಿ ನಡೆದು ಹೋಗ್ತಿರೋ ಚಿರತೆ. ತೆಗೆದವರು ನಯನ್ ಖಾನೋಲ್ಕರ್. ಅವರು ಪೊದೆಯಲ್ಲಿ ಕೂತು ಬೆನ್ನಟ್ಟಿ ತೆಗೆದದ್ದಲ್ಲ. ಅಲ್ಲಿನವರ ಒಪ್ಪಿಗೆಯಿಂದ ಕ್ಯಾಮೆರಾ ಟ್ರ್ಯಾಪ್ ಇಟ್ಟು ತಿಂಗಳುಗಟ್ಟಲೆ ಕಾದದ್ದು. ನೀವು ರಾತ್ರಿ ಟಾರ್ಚ್ ಹಿಡಿದು ಹೋಗೋ ಸಾಹಸ ಮಾಡಬೇಡಿ. ಗೋರೆಗಾಂವ್ ಫಿಲ್ಮ್ ಸಿಟಿ ಪಕ್ಕ ಬಿಎನ್‌ಎಚ್‌ಎಸ್‌ನ ಶಿಕ್ಷಣ ಕೇಂದ್ರ ಇದೆ, 1883ರಲ್ಲಿ ಶುರುವಾದ, ಸಲೀಂ ಅಲಿಯವರ ಸಂಸ್ಥೆ. ಅವರು ನಡೆಸೋ ನಡಿಗೆಗಳಿಗೆ ಸೇರಿಕೊಂಡರೆ ಕಾಡೂ ಸಿಗುತ್ತೆ, ಹೆಸರು ಹೇಳಿಕೊಡೋರೂ ಸಿಗ್ತಾರೆ.

ಮಳೆಗಾಲದ ಇನ್ನೊಂದು ತಲೆನೋವು ಲೆನ್ಸ್ ಫಂಗಸ್. ಮುಂಬೈನ ತೇವಕ್ಕೆ ಬೀರುವಿನಲ್ಲಿಟ್ಟ ಲೆನ್ಸ್ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ದುಬಾರಿ ಡ್ರೈ ಕ್ಯಾಬಿನೆಟ್ ಬೇಕಿಲ್ಲ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾದಾಗ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಎಸಿ ಕ್ಯಾಬ್‌ನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರಗೆ ತೆಗೆದರೆ ಗಾಜು ಮಂಜಾಗುತ್ತೆ, ಅರ್ಧ ಗಂಟೆ ಬ್ಯಾಗಿನೊಳಗೇ ಇರಲಿ. ಎಲ್ಲಕ್ಕಿಂತ ಒಳ್ಳೆಯದು, ವಾರಕ್ಕೊಮ್ಮೆ ಬಳಸೋದು.

ಅಕ್ಟೋಬರ್ ಸೆಕೆಗೆ ಎಲ್ಲರೂ ಬಯ್ತಾರೆ. ಚಿಟ್ಟೆಗಳಿಗೆ ಅದೇ ಹಬ್ಬ. ಥಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿ, ಧಾರಾವಿ ಪಕ್ಕ ಹಳೇ ಕಸದ ಗುಡ್ಡೆಯ ಮೇಲೆ ಬೆಳೆಸಿದ ಮಹಾರಾಷ್ಟ್ರ ನೇಚರ್ ಪಾರ್ಕ್, ಎರಡೂ ಚೆನ್ನ. ರಾಜ್ಯ ಚಿಟ್ಟೆ ಅಂತ ದೇಶದಲ್ಲಿ ಮೊದಲು ಘೋಷಿಸಿದ್ದು ಮಹಾರಾಷ್ಟ್ರ, 2015ರಲ್ಲಿ, ಬ್ಲೂ ಮಾರ್ಮನ್. ಕರಿ ರೆಕ್ಕೆಯ ಮೇಲೆ ನೀಲಿ ಬಳಿದಂಥ ದೊಡ್ಡ ಚಿಟ್ಟೆ, ಒಮ್ಮೆ ಕಂಡರೆ ಗುರುತು ತಪ್ಪೋಲ್ಲ. ಚಳಿಗಾಲದಲ್ಲಿ ಕಡಲ ಹಕ್ಕಿಗಳು ದಂಡಿಯಾಗಿ ಬರುತ್ತವೆ. ಅವಕ್ಕೆ ಸೇವ್, ಗಾಠಿಯಾ ಎಸೆದು ರೆಕ್ಕೆ ಬಿಚ್ಚಿದ ಫೋಟೋ ತೆಗೆಯೋ ಚಟ ನನಗೆ ಸ್ವಲ್ಪವೂ ಹಿಡಿಸೋಲ್ಲ. ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟು ಮೀನು ತಿನ್ನೋ ಹಕ್ಕಿಯ ಊಟ ಅಲ್ಲ, ಮತ್ತೆ ಆ ಫೋಟೋಗಳೆಲ್ಲ ಒಂದೇ ಥರ ಇರುತ್ತವೆ.

ಫೆಬ್ರವರಿ, ಮಾರ್ಚ್‌ಗೆ ಕಾಡೇ ಬೇಕಿಲ್ಲ. ಬೆಂಗಳೂರಿನ ಟಬೂಬಿಯಾ ನೆನಪಾದರೆ ವಿಕ್ರೋಲಿ ಹತ್ತಿರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಹೋಗಿ, ಅದೇ ಗುಲಾಬಿ. ನನಗಂತೂ ಬೂರುಗದ ಮರ ಹೆಚ್ಚು ಇಷ್ಟ. ಎಲೆ ಉದುರಿ ಬರೀ ಕೆಂಪು ಹೂ ಇರೋದರಿಂದ ಹಕ್ಕಿಗೆ ಅಡಗೋ ಜಾಗವೇ ಇಲ್ಲ. ಮೈನಾ, ಸೂರಕ್ಕಿ, ಗಿಳಿ, ಕಾಗೆ ಎಲ್ಲವೂ ಒಂದೇ ಹೋಟೆಲಿಗೆ ಬಂದ ಹಾಗೆ. ನಿಮ್ಮ ಸೊಸೈಟಿ ಹತ್ತಿರ ಒಂದು ಬೂರುಗ ಇದ್ದರೆ ಬೆಳಿಗ್ಗೆ ಏಳರಿಂದ ಎಂಟೂವರೆ ತನಕ ಒಂದೇ ಕಡೆ ನಿಂತು ನೋಡಿ. ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತಮುತ್ತ ಹಕ್ಕಿಗಳ ಫೋಟೋ ತೆಗೆದೇ 'ಮಿಂಚುಳ್ಳಿ', 'ಹಕ್ಕಿಪುಕ್ಕ'ದಂಥ ಪುಸ್ತಕ ಮಾಡಿದರು. ಸುತ್ತಮುತ್ತ ಅನ್ನೋ ಪದಕ್ಕೆ ಅಷ್ಟು ತೂಕ ಇದೆ.

ಕೊನೆಗೆ, ತೆಗೆದ ಫೋಟೋ ಏನು ಮಾಡೋದು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಲ್ಲಿ ತೆಗೆದ ದಿನ, ಹೊತ್ತು, ಜಾಗದ ಮಾಹಿತಿ ಉಳಿಯೋಲ್ಲ. ಮೂಲ ಫೈಲ್ ಇಟ್ಟುಕೊಳ್ಳಿ, ಐನ್ಯಾಚುರಲಿಸ್ಟ್ ಅಥವಾ ಇಬರ್ಡ್‌ಗೆ ಹಾಕಿ. ಹೆಸರು ಗೊತ್ತಿಲ್ಲದಿದ್ದರೂ ಹಾಕಬಹುದು, ಗೊತ್ತಿರೋರು ಹೇಳ್ತಾರೆ. ಮಸುಕಾದ ಫೋಟೋಗೂ ಅಲ್ಲಿ ಬೆಲೆ ಇದೆ, ದಿನ ಮತ್ತು ಜಾಗ ಸರಿ ಇರಬೇಕು ಅಷ್ಟೇ. ಒಂದೇ ಕೆರೆಯನ್ನು ತಿಂಗಳಿಗೆ ಎರಡು ಸಲದಂತೆ ಎರಡು ವರ್ಷ ದಾಖಲಿಸಿದ ಒಬ್ಬ ಟೆಸ್ಟಿಂಗ್ ಎಂಜಿನಿಯರ್‌ನ ಪಟ್ಟಿಗೆ ನಾನು ಹತ್ತು ಕಬಿನಿ ಹುಲಿ ಫೋಟೋಗಳಿಗಿಂತ ಹೆಚ್ಚು ಬೆಲೆ ಕೊಡ್ತೀನಿ.

ಒಂದೇ ಒಂದು ವಿಷಯದಲ್ಲಿ ಜಾಗ ಮುಚ್ಚಿಡಿ: ಗೂಡು. ಜೂನ್‌ನಲ್ಲಿ ಪನ್ವೇಲ್, ಕರ್ನಾಳಾ ಕಡೆ ಮೂರು ಬೆರಳಿನ ಪುಟಾಣಿ ಮಿಂಚುಳ್ಳಿ ಮಣ್ಣಿನ ದಿಣ್ಣೆ ಕೊರೆದು ಗೂಡು ಮಾಡುತ್ತೆ. ಒಬ್ಬರು ಲೊಕೇಶನ್ ಹಂಚಿದರೆ ಮುಂದಿನ ಭಾನುವಾರ ಗೂಡಿನ ಮುಂದೆ ಟ್ರೈಪಾಡ್‌ಗಳ ಸಾಲು. ತಾಯಿ ಹಕ್ಕಿ ಬಾಯಲ್ಲಿ ಆಹಾರ ಹಿಡಿದು ಕೊಂಬೆ ಮೇಲೇ ಕೂತಿರುತ್ತೆ, ಒಳಗೆ ಬರೋಲ್ಲ. ಮರಿಗಳು ಹಸಿದಿರುತ್ತವೆ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಅಸ್ಪಷ್ಟ ಮಾಡೋ ಸೌಲಭ್ಯ ಇದೆ, ಗೂಬೆ ಕೂರೋ ಮರಕ್ಕೂ ಅದನ್ನೇ ಬಳಸಿ. ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ಹಾಕಿ ಕರೆಯೋದೂ ಬೇಡ.

ಇನ್ನೊಂದು ದಿನಾಂಕ ಬರೆದಿಟ್ಟುಕೊಳ್ಳಿ. ಬೊರಿವಲಿ ಕಾಡಿನ ಕಾರ್ವಿ, ನಮ್ಮ ಕಡೆಯ ಕುರಿಂಜಿಯ ಹತ್ತಿರದ ನೆಂಟ, ಎಂಟು ವರ್ಷಕ್ಕೊಮ್ಮೆ ಗುಡ್ಡದ ತುಂಬಾ ನೇರಳೆಯಾಗಿ ಅರಳುತ್ತೆ. 2016ರಲ್ಲಿ ಅರಳಿತ್ತು, 2024ರಲ್ಲಿ ಅರಳಿತು. ಮುಂದಿನದು 2032, ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ. ಪ್ರಾಜೆಕ್ಟ್ ಬದಲಾಗಿ ಪುಣೆಗೋ ಬೆಂಗಳೂರಿಗೋ ಹೋಗಿದ್ದರೂ, ಆ ಸಲಕ್ಕೆ ಎರಡು ದಿನದ ರಜೆ ಹಾಕಿ ಬನ್ನಿ.